ರಾಜರ್ಷಿ ಶಾಹೂ ಮಹಾರಾಜರು ಮತ್ತು ಶಾಲೆಯ ಹಾಜರಿ



ಪ್ರತಿದಿನವೂ ಪ್ರಾರ್ಥನೆ ಮುಗಿದೊಡನೆ ವರ್ಗಶಿಕ್ಷಕರು ಹಾಜರಿ ಪುಸ್ತಕವನ್ನು ತೆರೆಯುತ್ತಾರೆ. ಒಂದೊಂದೇ ಹೆಸರನ್ನು ಕರೆಯುತ್ತಾರೆ. ನೀವು ಎದ್ದು ನಿಂತು ಉತ್ತರ ಕೊಡುತ್ತೀರಿ. ಐದು ನಿಮಿಷಗಳಲ್ಲಿ ಮುಗಿದುಹೋಗುವ ಈ ಕೆಲಸವು ನಿಮಗೆ ಅತಿ ಸಾಮಾನ್ಯವೆಂದು ತೋರಬಹುದು. ಆದರೆ ಬಡವರ ಮಕ್ಕಳ ಹೆಸರುಗಳು ಆ ಪುಸ್ತಕದಲ್ಲಿ ಬರೆಯಲ್ಪಡಬೇಕೆಂದು, ಬರೆದ ಮೇಲೆ ಆ ಮಕ್ಕಳು ತಪ್ಪದೆ ಶಾಲೆಗೆ ಬರಬೇಕೆಂದು ಹಿಂದೆ ಕೆಲವರು ಮಹನೀಯರು ಬಹುವಾಗಿ ಶ್ರಮಿಸಿದರು. ಅಂಥವರಲ್ಲಿ ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು ಅಗ್ರಗಣ್ಯರು. ನಾವಿರುವ ಮಹಾರಾಷ್ಟ್ರದಲ್ಲಿ ಅವರ ಹೆಸರನ್ನು ಅರಿಯದವರಿಲ್ಲ. ಆದರೆ ಕನ್ನಡ ನಾಡಿಗೂ ಅವರಿಗೂ ಇದ್ದ ನಂಟನ್ನು ನಮ್ಮ ಮಕ್ಕಳಲ್ಲಿ ಬಲ್ಲವರು ವಿರಳ. ಆದುದರಿಂದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ನಾವು ಬಯಸಿದ್ದೇವೆ.

ಶಾಹೂ ಮಹಾರಾಜರು 1874ನೆಯ ಇಸವಿ ಜೂನ್ 26ರಂದು ಕೊಲ್ಲಾಪುರಕ್ಕೆ ಹೊಂದಿದ ಕಸಬಾ ಬಾವಡೆಯಲ್ಲಿ ಜನಿಸಿದರು. ಅವರ ಮೊದಲಿನ ಹೆಸರು ಯಶವಂತರಾವ್. ತಂದೆ ಜಯಸಿಂಗರಾವ್ ಘಾಟಗೆಯವರು ಕಾಗಲ ಜಹಗೀರಿನ ಒಡೆಯರು. ತಾಯಿ ರಾಧಾಬಾಯಿಯವರು ಮುಧೋಳದ ಅರಸು ಮನೆತನದ ಮಗಳು. ಮುಧೋಳವು ಈಗ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿದೆ. ಹೀಗೆ ಮಹಾರಾಜರ ತಾಯಿಯ ತವರು ಕನ್ನಡ ನೆಲ. ಆದರೆ ತಾಯಿಯ ಲಾಲನೆ ಪಾಲನೆಗಳ ಸುಖವು ಆ ಬಾಲಕನ ಪಾಲಿಗೆ ಹೆಚ್ಚುಕಾಲ ಉಳಿಯಲಿಲ್ಲ. ಮೂರು ವರ್ಷದ ಕೂಸಾಗಿದ್ದಾಗಲೇ, 1877ರಲ್ಲಿ, ರಾಧಾಬಾಯಿಯವರು ತೀರಿಕೊಂಡರು.

ಕೊಲ್ಲಾಪುರದ ಅರಸರಾದ ನಾಲ್ಕನೆಯ ಶಿವಾಜಿಯವರು 1883ರಲ್ಲಿ ಮಕ್ಕಳಿಲ್ಲದೆ ಮೃತರಾದರು. ಅವರ ರಾಣಿ ಆನಂದೀಬಾಯಿಯವರು 1884ರ ಮಾರ್ಚ್ 17ರಂದು ಯಶವಂತರಾಯರನ್ನು ದತ್ತು ತೆಗೆದುಕೊಂಡು ಶಾಹೂ ಎಂಬ ಹೆಸರಿಟ್ಟರು. ಆಗ ಬಾಲಕನಿಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಅರಮನೆಗೆ ಬಂದನೆಂದು ಆಟಪಾಟಗಳಲ್ಲಿ ಕಾಲ ಕಳೆಯುವಂತಿರಲಿಲ್ಲ. 1885ರಲ್ಲಿ ವಿದ್ಯಾಭ್ಯಾಸಕ್ಕಾಗಿ ದೂರದ ಕಾಠಿಯಾವಾಡದ ರಾಜಕೋಟೆಗೆ ಹೋಗಬೇಕಾಯಿತು. ಅಲ್ಲಿ ಅರಸುಮಕ್ಕಳಿಗಾಗಿ ಸ್ಥಾಪಿಸಿದ ರಾಜಕುಮಾರ ಕಾಲೇಜಿನಲ್ಲಿ ಅವರು ಓದತೊಡಗಿದರು. ಮರುವರ್ಷ ಮಾರ್ಚ್ ತಿಂಗಳಲ್ಲಿ ಹಡೆದ ತಂದೆಯೂ ತೀರಿಹೋದರು. ಹನ್ನೆರಡು ತುಂಬುವುದರೊಳಗಾಗಿ ತಾಯಿ ತಂದೆಗಳಿಬ್ಬರನ್ನೂ ಕಳೆದುಕೊಂಡ ಹುಡುಗನು ಪರನಾಡಿನಲ್ಲಿ ಓದನ್ನು ಬಿಡದೆ ಮುಂದುವರಿಸಿದನು. ಅರಸುಮಗನಿಗೆ ಊಟ ಬಟ್ಟೆಗಳ ಕೊರತೆ ಇರಲಿಲ್ಲ, ನಿಜ. ಆದರೆ ದುಃಖವು ಅರಮನೆ ಗುಡಿಸಲೆಂದು ಭೇದವೆಣಿಸುವುದಿಲ್ಲ.

ರಾಜಕೋಟೆಯ ಓದು ಮುಗಿದ ಮೇಲೆ ಅವರ ಮುಂದಿನ ಶಿಕ್ಷಣವು ನಡೆದುದು ನಮ್ಮ ಧಾರವಾಡದಲ್ಲಿ. ಸ್ಟುಅರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಗಳು ಅಲ್ಲಿ ಅವರ ಗುರುಗಳಾಗಿದ್ದರು. ಈ ಫ್ರೇಸರರೇ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಾಡಳಿತ ಮೊದಲಾದ ವಿಷಯಗಳನ್ನು ತರುಣ ಶಾಹೂ ಮಹಾರಾಜರು ಧಾರವಾಡದಲ್ಲಿ ಕಲಿತರು. ಗುರುಗಳೊಡನೆ ದೇಶಸಂಚಾರವನ್ನೂ ಕೈಕೊಂಡರು. 1891ರಲ್ಲಿ ಬಡೋದೆಯ ಖಾನವಿಲಕರ ಮನೆತನದ ಲಕ್ಷ್ಮೀಬಾಯಿಯವರೊಡನೆ ಅವರ ವಿವಾಹವು ನೆರವೇರಿತು. 1894ರ ಏಪ್ರಿಲ್ 2ರಂದು, ಇಪ್ಪತ್ತು ವರ್ಷವೂ ತುಂಬದಿರುವಾಗ, ಅವರು ಕೊಲ್ಲಾಪುರದ ರಾಜ್ಯಭಾರವನ್ನು ವಹಿಸಿಕೊಂಡರು.

ಆ ಕಾಲದ ಕೊಲ್ಲಾಪುರ ಸಂಸ್ಥಾನದಲ್ಲಿ ಕನ್ನಡ ಮಾತಾಡುವ ಹಳ್ಳಿಗಳೂ ಇದ್ದುವು. ಇಂದು ಬೆಳಗಾವಿ ಜಿಲ್ಲೆಗೆ ಸೇರಿರುವ ರಾಯಬಾಗವು ಆಗ ಕೊಲ್ಲಾಪುರದ ಆಡಳಿತಕ್ಕೆ ಒಳಪಟ್ಟಿತ್ತು. 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ರಾಯಬಾಗ ಸೀಮೆಯು ಬೆಳಗಾವಿ ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಸೇರಿತು. ನಾವು ಹುಟ್ಟಿ ಬೆಳೆದುದು ಇದೇ ಸೀಮೆಯ ಒಂದು ಚಿಕ್ಕ ಹಳ್ಳಿಯಲ್ಲಿ. ಮಹಾರಾಜರ ಕಥೆಯನ್ನು ಹೇಳಲು ನಮಗೆ ವಿಶೇಷವಾದ ಆಸೆ ಇರುವುದಕ್ಕೆ ಇದೂ ಒಂದು ಕಾರಣ.

ಪಟ್ಟವೇರಿದ ಮಹಾರಾಜರು ತಮ್ಮ ನಾಡನ್ನು ಕಣ್ಣು ತೆರೆದು ನೋಡಿದರು. ಕಚೇರಿಯ ಕೆಲಸಗಳಲ್ಲಿ ಒಂದೇ ಜಾತಿಯವರು ಬಹುಸಂಖ್ಯೆಯಲ್ಲಿದ್ದರು. ಒಕ್ಕಲಿಗರ, ಕುಶಲಕರ್ಮಿಗಳ, ಅಸ್ಪೃಶ್ಯರೆನಿಸಿದವರ ಮನೆಗಳಲ್ಲಿ ಅಕ್ಷರ ಬಲ್ಲವರೇ ದುರ್ಲಭ. ಓದಬೇಕೆಂಬ ಮನಸ್ಸಿದ್ದರೂ ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದು ಎಲ್ಲಿ ಉಳಿಯಬೇಕು? ಎಲ್ಲಿ ಉಣ್ಣಬೇಕು? ಈ ಪ್ರಶ್ನೆಗೆ ಮಹಾರಾಜರು ಕಂಡುಕೊಂಡ ಉತ್ತರವೇ ವಿದ್ಯಾರ್ಥಿನಿಲಯಗಳು. 1901ರಲ್ಲಿ ಮರಾಠರಿಗಾಗಿ ವಿಕ್ಟೋರಿಯಾ ಬೋರ್ಡಿಂಗ್ ಪ್ರಾರಂಭವಾಯಿತು. ಜೈನರಿಗೆ, ಮುಸಲ್ಮಾನರಿಗೆ ಒಂದರ ಹಿಂದೊಂದು ವಸತಿಗೃಹಗಳಾದುವು. 1907ರಲ್ಲಿ ಲಿಂಗಾಯತ ವಿದ್ಯಾರ್ಥಿಗಳ ವಸತಿಗೃಹವೂ, 1908ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ವಿದ್ಯಾರ್ಥಿನಿಲಯವೂ ತೆರೆದುವು. ಮಹಾರಾಜರು ಇವುಗಳಿಗೆ ಜಾಗವನ್ನೂ ಧನವನ್ನೂ ಕೊಟ್ಟು ಪೋಷಿಸಿದರು. ಅನೇಕ ಜಾತಿಮತಗಳ ಮಕ್ಕಳಿಗೆ ಕೊಲ್ಲಾಪುರವು ವಿದ್ಯೆಯ ತವರುಮನೆಯಾಯಿತು.

ಕಲಿತವರಿಗೆ ಕೆಲಸ ದೊರೆಯದಿದ್ದರೆ ಕಲಿಕೆಯಲ್ಲಿ ಯಾರಿಗೆ ಆಸಕ್ತಿ ಹುಟ್ಟೀತು? ಆದುದರಿಂದ 1902ರ ಜುಲೈ 26ರಂದು ಮಹಾರಾಜರು ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ಐವತ್ತು ಸ್ಥಾನಗಳನ್ನು ಕಾದಿರಿಸುವ ಆಜ್ಞೆಯನ್ನು ಹೊರಡಿಸಿದರು. ಇದರಿಂದ ಅವರಿಗೆ ವಿರೋಧಿಗಳು ಹೆಚ್ಚಿದರು. ಪತ್ರಿಕೆಗಳಲ್ಲಿ ಟೀಕೆಗಳು ಬಂದುವು. ಅವರು ಹಿಂದೆಗೆಯಲಿಲ್ಲ.

ಇಷ್ಟಾದರೂ ಅವರಿಗೆ ತೃಪ್ತಿಯಾಗಲಿಲ್ಲ. ವಿದ್ಯಾರ್ಥಿನಿಲಯಕ್ಕೆ ಬರುವ ಹುಡುಗನು ಮೊದಲು ಹಳ್ಳಿಯಲ್ಲಿ ಅಕ್ಷರ ಕಲಿತಿರಬೇಕಲ್ಲವೆ? ಬುನಾದಿಯೇ ಇಲ್ಲದೆ ಮಾಳಿಗೆ ಕಟ್ಟಲಾದೀತೆ? ಆ ವೇಳೆಗೆ ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು 1893ರಲ್ಲಿ ಅಮರೇಲಿ ತಾಲೂಕಿನಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗಿಸಿ ನೋಡಿ, 1906ರಲ್ಲಿ ಅದನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದ್ದರು. ಚಿಕ್ಕಂದಿನಲ್ಲಿ ಕಾಗಲದ ಶಾಲೆಯಲ್ಲಿ ಓದಿದ್ದ ಗೋಪಾಲಕೃಷ್ಣ ಗೋಖಲೆಯವರು ಬ್ರಿಟಿಷ್ ಹಿಂದುಸ್ಥಾನಕ್ಕೂ ಅಂಥ ಕಾಯಿದೆ ಬೇಕೆಂದು 1911ರಲ್ಲಿ ಮಸೂದೆಯನ್ನು ಮಂಡಿಸಿದರು. ಆದರೆ ಸರಕಾರವು ಒಪ್ಪದಿದ್ದುದರಿಂದ ಮರುವರ್ಷ ಅದು ಬಿದ್ದುಹೋಯಿತು. ದೊಡ್ಡ ಸರಕಾರವು ಹಣವಿಲ್ಲವೆಂದು ಕೈಬಿಟ್ಟ ಕೆಲಸವನ್ನು ಚಿಕ್ಕ ಕೊಲ್ಲಾಪುರವು ಎತ್ತಿಕೊಂಡಿತು. 1917ರಲ್ಲಿ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು.

ವಿದ್ಯಾರ್ಥಿಗಳೆ, ಈ ಕಾಯಿದೆಯ ಒಳಗುಟ್ಟನ್ನು ನೀವು ಗಮನವಿಟ್ಟು ತಿಳಿಯಬೇಕು. ಮಗುವನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ವಿಧಿಸುವ ನಿಯಮವು ಅದರಲ್ಲಿತ್ತು. ಇಂದು ಒಂದು ರೂಪಾಯಿಗೆ ಏನು ಬಂದೀತೆಂದು ನೀವು ನಗಬಹುದು. ಕೂಲಿಯನ್ನು ಆಣೆಗಳಲ್ಲಿ ಎಣಿಸುತ್ತಿದ್ದ ಆ ದಿನಗಳಲ್ಲಿ ಒಂದು ರೂಪಾಯಿಯೆಂದರೆ ಬಡ ಕೂಲಿಕಾರನ ಹಲವು ದಿನಗಳ ಬೆವರು. ಹಾಗಾದರೆ ಬಡವರ ಬಂಧುವೆನಿಸಿದ ಅರಸರು ಬಡವನ ಮೇಲೆಯೇ ದಂಡ ಹೇರಬಹುದೆ ಎಂದು ಯಾರಾದರೂ ಕೇಳಿಯಾರು. ಈ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿಯೂ ಬಹುಕಾಲ ಇತ್ತು.

ನಮಗೆ ತೋರುವ ಉತ್ತರವಿದು. ಮಹಾರಾಜರು ದಂಡದಿಂದ ಪ್ರಾರಂಭ ಮಾಡಲಿಲ್ಲ. ಮೊದಲು ತಮ್ಮ ಹೊಣೆಯನ್ನು ತಾವು ಹೊತ್ತರು. ವರ್ಷಗಟ್ಟಲೆ ವಸತಿಗೃಹಗಳನ್ನು ಕಟ್ಟಿಸಿದರು. ಕಲಿತವರಿಗೆ ನೌಕರಿಯ ಬಾಗಿಲನ್ನು ತೆರೆದರು. ಪ್ರಾಥಮಿಕ ಶಾಲೆಯ ಫೀಯನ್ನು ತೆಗೆದುಹಾಕಿದರು. ಹಳ್ಳಿಗಳಿಗೆ ಶಾಲೆಗಳನ್ನು ಒಯ್ದರು. ಇಷ್ಟನ್ನೂ ಮಾಡಿದ ಮೇಲೆ ಪಾಲಕರ ಕಡೆಗೆ ತಿರುಗಿ ಅವರ ಹೊಣೆಯನ್ನು ನೆನಪಿಸಿದರು. ಇನ್ನೊಂದು ಸಂಗತಿಯನ್ನೂ ನೋಡಿರಿ. ಶಾಲೆ ತಪ್ಪಿದರೆ ಏಟು ಬೀಳುತ್ತಿದ್ದುದು ಲೋಕದಲ್ಲೆಲ್ಲ ಮಗುವಿನ ಬೆನ್ನಿಗೆ. ಮಗುವು ದನ ಕಾಯಲು ಹೋದುದು ಅದರ ತಪ್ಪಲ್ಲವೆಂಬುದನ್ನು ಈ ಕಾಯಿದೆಯು ಒಪ್ಪಿಕೊಂಡಿತು. ಹಿರಿಯರ ತಪ್ಪಿಗೆ ಹಿರಿಯರೇ ಉತ್ತರ ಹೇಳಬೇಕಾಯಿತು.

1918ರ ಮಾರ್ಚ್ ತಿಂಗಳಲ್ಲಿ ಕರವೀರ ಪೇಟೆಯ ಚಿಖಲಿ ಗ್ರಾಮದಲ್ಲಿ ಈ ಯೋಜನೆಯ ಮೊದಲ ಶಾಲೆಯು ತೆರೆಯಿತು. ಮೊದಲ ವರ್ಷ ಕೆಲವೇ ಶಾಲೆಗಳಿದ್ದುವು. 1922ರ ಹೊತ್ತಿಗೆ ಅವು 420ಕ್ಕೆ ಏರಿದುವು. ಅವುಗಳಲ್ಲಿ 22 ಸಾವಿರದಷ್ಟು ಮಕ್ಕಳು ಕಲಿಯುತ್ತಿದ್ದರು. ನಾಲ್ಕೈದು ವರ್ಷಗಳಲ್ಲಿ ಒಂದು ಚಿಕ್ಕ ಸಂಸ್ಥಾನವು ಇಷ್ಟನ್ನು ಸಾಧಿಸಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಹಾಜರಿಯೆಂದರೆ ಹೆಸರು ಬರೆಯಿಸುವುದು ಮಾತ್ರವಲ್ಲ, ಒಂದೇ ಚಾಪೆಯ ಮೇಲೆ ಎಲ್ಲರೊಡನೆ ಕುಳಿತುಕೊಳ್ಳುವುದು ಎಂಬುದನ್ನೂ ಮಹಾರಾಜರು ತೋರಿಸಿಕೊಟ್ಟರು. ಅಸ್ಪೃಶ್ಯ ಮಕ್ಕಳಿಗಾಗಿ ಬೇರೆ ಶಾಲೆಗಳನ್ನು ನಡೆಸುವ ಪದ್ಧತಿಯನ್ನು 1919ರಲ್ಲಿ ಅವರು ರದ್ದುಗೊಳಿಸಿದರು. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯಬೇಕೆಂದು ಆಜ್ಞಾಪಿಸಿದರು. ಅದೇ ವರ್ಷ ಉತ್ತರ ಹಿಂದುಸ್ಥಾನದ ಕಾನಪುರದಲ್ಲಿ ಕುರ್ಮಿ ಸಮಾಜದವರು ಅವರಿಗೆ ರಾಜರ್ಷಿ ಎಂಬ ಬಿರುದನ್ನು ಕೊಟ್ಟು ಗೌರವಿಸಿದರು.

ಪರರಿಗೆ ವಿಧಿಸಿದ ನಿಯಮವನ್ನು ತಮ್ಮ ಮನೆಯಲ್ಲಿಯೂ ನಡೆಸಿದವರು ಅವರು. 1918ರ ಜೂನ್ ತಿಂಗಳಲ್ಲಿ ಅವರ ಕಿರಿಯ ಮಗ ಶಿವಾಜಿ ರಾಜಕುಮಾರರು ಬೇಟೆಯಲ್ಲಿ ಅಪಘಾತಕ್ಕೀಡಾಗಿ ಮರಣ ಹೊಂದಿದರು. ಸೊಸೆ ಇಂದುಮತೀದೇವಿಯವರಿಗೆ ಆಗ ಹನ್ನೆರಡು ವರ್ಷವೂ ತುಂಬಿರಲಿಲ್ಲ. ವಿಧವೆಯಾದ ಹುಡುಗಿಯನ್ನು ಕತ್ತಲೆ ಕೋಣೆಯಲ್ಲಿ ಕೂಡ್ರಿಸುತ್ತಿದ್ದ ಕಾಲವದು. ಪುತ್ರಶೋಕದಲ್ಲಿ ಮುಳುಗಿದ್ದರೂ ಮಹಾರಾಜರು ಸೊಸೆಯ ಕೈಗೆ ಪುಸ್ತಕವನ್ನು ಕೊಟ್ಟರು. ಸೋನತಳಿಯ ಬಿಡಾರದಲ್ಲಿ ಆಕೆಯ ಓದಿಗೆ ಏರ್ಪಾಡು ಮಾಡಿದರು. ಅರಮನೆಯವರೇ ಇದನ್ನು ಮೆಚ್ಚಲಿಲ್ಲ. ಆದರೂ ಓದು ನಿಲ್ಲಲಿಲ್ಲ. ತಮ್ಮನನ್ನು ನೋಡಿಕೊಳ್ಳುವುದಕ್ಕೆಂದು ಶಾಲೆ ಬಿಡುವ ನಮ್ಮ ಹೆಣ್ಣುಮಕ್ಕಳೂ, ಬಿಡಿಸುವ ಅವರ ತಾಯಂದಿರೂ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ನಿರಂತರ ಶ್ರಮದಿಂದಲೂ ರೋಗದಿಂದಲೂ ಮಹಾರಾಜರ ದೇಹವು ಕುಗ್ಗಿತು. 1922ರ ಮೇ 6ರಂದು ಮುಂಬಯಿಯಲ್ಲಿ ಅವರು ಇಹಲೋಕವನ್ನು ಬಿಟ್ಟರು. ಆಗ ಅವರಿಗೆ ನಾಲ್ವತ್ತೆಂಟು ವರ್ಷವೂ ತುಂಬಿರಲಿಲ್ಲ.

ಇನ್ನು ನಮ್ಮ ಮಾತು. ನಾವು ಆರನೆಯ ಇಯತ್ತೆಯಲ್ಲಿದ್ದಾಗ ಕಬ್ಬು ಕಡಿಯುವ ಹಂಗಾಮಿನಲ್ಲಿ ಒಂದೂವರೆ ತಿಂಗಳು ಶಾಲೆಗೆ ಹೋಗಲಿಲ್ಲ. ತಂದೆಯವರು ಕೆಟ್ಟವರಲ್ಲ, ಮನೆಯಲ್ಲಿ ಕೈಗಳು ಕಡಿಮೆ ಇದ್ದುವು. ಮರಳಿ ಬಂದಾಗ ವರ್ಗದಲ್ಲಿ ಅಪೂರ್ಣಾಂಕಗಳ ಪಾಠವು ಮುಗಿದಿತ್ತು. ಕರಿಹಲಗೆಯ ಮೇಲಿನ ಲೆಕ್ಕಗಳು ನಮಗೆ ಪರಭಾಷೆಯಂತೆ ಕಂಡುವು. ನಾಚಿಕೆಯಿಂದ ಮತ್ತೆ ನಾಲ್ಕು ದಿನ ಶಾಲೆ ತಪ್ಪಿಸಿದೆವು. ಐದನೆಯ ದಿನ ಸಂಜೆ ಗುರುಗಳು ನಮ್ಮ ಮನೆಯ ಹೊಸ್ತಿಲಲ್ಲಿ ಬಂದು ನಿಂತರು. ಬೈಯಲಿಲ್ಲ. ತಂದೆಯವರೊಡನೆ ಬೆಳೆಯ ವಿಚಾರ, ಸಾಲದ ವಿಚಾರ ಮಾತಾಡಿ, ನಾಳೆಯಿಂದ ಹುಡುಗನನ್ನು ಒಂದು ತಾಸು ಮೊದಲೇ ಕಳಿಸಿರೆಂದು ಹೇಳಿ ಹೋದರು. ಆ ಒಂದು ತಾಸಿನ ಫಲವಾಗಿ ನಾವು ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ಇಯತ್ತೆ ದಾಟಿ, ಶಿಕ್ಷಕರ ತರಬೇತಿ ಪಡೆದು, ಹೊಟ್ಟೆಪಾಡಿಗಾಗಿ ಈ ಕಡೆಗೆ ಬಂದು ಇಂದು ನಿಮ್ಮೆದುರಿಗೆ ನಿಂತಿದ್ದೇವೆ.

ಆದರೆ ಆ ಗುರುಗಳು ತೋರಿದ ದಾರಿಯನ್ನು ನಾವು ಸದಾ ನಡೆದೆವೆಂದು ಹೇಳಲಾರೆವು. ಶಿಕ್ಷಕ ವೃತ್ತಿಯ ಪ್ರಾರಂಭದಲ್ಲಿ ನವಿಮುಂಬಯಿಯ ಒಂದು ಶಾಲೆಯಲ್ಲಿದ್ದೆವು. ಕಟ್ಟಡದ ಕೆಲಸಕ್ಕೆ ಬಂದ ಒಂದು ಕುಟುಂಬದ ಹುಡುಗನು ನಮ್ಮ ವರ್ಗದಲ್ಲಿದ್ದನು, ಕೈಬರಹವು ಮುತ್ತಿನಂತಿತ್ತು. ಒಂದು ಸೋಮವಾರ ಅವನು ಬರಲಿಲ್ಲ. ಮರುದಿನವೂ ಇಲ್ಲ. ನಾವು ಪ್ರತಿದಿನ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತನ್ನು ತಪ್ಪದೆ ಬರೆದೆವು. ಬರೆದುದಷ್ಟೇ, ವಿಚಾರಿಸಲು ಹೋಗಲಿಲ್ಲ. ಮೂರು ವಾರಗಳ ನಂತರ ಹೋದಾಗ ಆ ಕಟ್ಟಡವು ಮುಗಿದು ಕೂಲಿಕಾರರ ತಗಡಿನ ಮನೆಗಳೆಲ್ಲ ಕಿತ್ತುಹೋಗಿದ್ದುವು. ಅವರು ಎಲ್ಲಿಗೆ ಹೋದರೆಂದು ಹೇಳುವವರಿರಲಿಲ್ಲ. ಮೊದಲ ವಾರದಲ್ಲಿಯೇ ಹೋಗಿದ್ದರೆ ತಾಯಿತಂದೆಗಳ ಕೈಯಲ್ಲಿ ದಾಖಲೆಯ ಕಾಗದವನ್ನಾದರೂ ಕೊಟ್ಟು, ಹೋದ ಊರಿನಲ್ಲಿ ಶಾಲೆಗೆ ಸೇರಿಸಿರೆಂದು ಹೇಳಬಹುದಿತ್ತು. ಆ ಹುಡುಗನ ಹೆಸರು ಇಂದಿಗೂ ನಮ್ಮ ಮನಸ್ಸಿನ ಹಾಜರಿ ಪುಸ್ತಕದಲ್ಲಿ ಇದೆ. ಉತ್ತರ ಮಾತ್ರ ಬರುವುದಿಲ್ಲ.

ಇಂದು ನಮ್ಮ ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಹಕ್ಕಿನ ಕಾಯಿದೆಯಿದೆ. 2009ರಲ್ಲಿ ಅಂಗೀಕೃತವಾದ ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣವು ಹಕ್ಕಾಗಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದೂ, ಶಿಕ್ಷಕರು ತಾವೇ ನಿಯಮಿತವಾಗಿ ವೇಳೆಗೆ ಸರಿಯಾಗಿ ಬಂದು, ಮಕ್ಕಳ ಹಾಜರಿಯ ವಿಷಯವನ್ನು ಪಾಲಕರೊಡನೆ ಕೂಡಿ ಮಾತಾಡಬೇಕೆಂದೂ ಅದು ಹೇಳುತ್ತದೆ. ಎಂಟನೆಯ ಇಯತ್ತೆ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಆದರೆ ಒಂದು ರೂಪಾಯಿಯ ದಂಡ ಈ ಕಾಯಿದೆಯಲ್ಲಿಲ್ಲ. ಕಾಯಿದೆಯು ನಿಮ್ಮ ಹೆಸರನ್ನು ಪುಸ್ತಕದಲ್ಲಿ ಉಳಿಸಬಲ್ಲದು. ನಿಮ್ಮನ್ನು ಬಾಕಿನ ಮೇಲೆ ಕೂಡ್ರಿಸುವುದು ನಿಮಗೂ ನಿಮ್ಮ ಮನೆಯವರಿಗೂ ಬಿಟ್ಟದ್ದು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ವಾಸಿಸುವ ನಮ್ಮ ಕನ್ನಡ ಪಾಲಕರ ಕಷ್ಟಗಳನ್ನು ನಾವು ಬಲ್ಲೆವು. ಕೆಲವರು ಹೋಟೆಲುಗಳಲ್ಲಿ, ಕೆಲವರು ತುರ್ಭೆಯ ಪೇಟೆಯಲ್ಲಿ, ಕೆಲವರು ಕಟ್ಟಡಗಳ ಮೇಲೆ ದುಡಿಯುತ್ತಾರೆ. ಬೆಳಗಿನ ಲೋಕಲ್ ಗಾಡಿಗೆ ಹೊರಟರೆ ಮನೆಗೆ ಮರಳುವುದು ರಾತ್ರಿ. ಊರಿನ ಜಾತ್ರೆ, ಮದುವೆ, ಬಿತ್ತನೆಗಳೂ ಕರೆಯುತ್ತವೆ. ಬೇಸಗೆಯ ರಜೆಗೆ ಊರಿಗೆ ಹೋದವರು ಜೂನಿನಲ್ಲಿ ಶಾಲೆ ತೆರೆದರೂ ಬರುವುದಿಲ್ಲ. ಜುಲೈಯಲ್ಲಿ ಮಳೆಯೊಡನೆ ಬರುತ್ತಾರೆ. ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡಿರಿ. ಒಂದರಿಂದ ಐದರವರೆಗಿನ ವರ್ಗಗಳಿಗೆ ವರ್ಷಕ್ಕೆ 200 ದಿನಗಳ, ಆರರಿಂದ ಎಂಟರವರೆಗೆ 220 ದಿನಗಳ ಶಾಲೆ ನಡೆಯಬೇಕೆಂಬುದು ಕಾಯಿದೆಯ ನಿಯಮ. ಇನ್ನೂರರಲ್ಲಿ ಐವತ್ತು ದಿನ ತಪ್ಪಿದರೆ ಕಾಲುಭಾಗ ಹೋಯಿತು. ನಾಲ್ಕು ವರ್ಷ ಹೀಗೆಯೇ ನಡೆದರೆ ಒಂದು ಇಡೀ ವರ್ಷವೇ ಹೋಯಿತು. ಅದನ್ನು ಯಾವ ಬಡ್ಡಿಯಿಂದಲೂ ತೀರಿಸಲಾಗದು.

ಇನ್ನೊಂದು ಮಾತು. ಈ ನಗರಗಳಲ್ಲಿ ಕನ್ನಡ ಮಾಧ್ಯಮಕ್ಕೆ ಬರುವ ಮಕ್ಕಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇರುವ ಮಕ್ಕಳಲ್ಲಿಯೂ ಅರ್ಧದಷ್ಟು ಬಾಕುಗಳು ಬರಿದಾಗಿದ್ದರೆ, ಈ ವರ್ಗ ಏಕೆ ನಡೆಯಬೇಕೆಂದು ಕೇಳುವವರಿಗೆ ನಾವು ಏನು ಉತ್ತರ ಕೊಡೋಣ? ನಿಮ್ಮ ಹಾಜರಿಯು ನಿಮ್ಮೊಬ್ಬರ ಓದನ್ನು ಕಾಯುವಂತೆಯೇ ನಿಮ್ಮ ಶಾಲೆಯನ್ನೂ ಕಾಯುತ್ತದೆ.

ಆದುದರಿಂದ ವಿದ್ಯಾರ್ಥಿಗಳೆ, ಶಾಲೆಗೆ ತಪ್ಪದೆ ಬನ್ನಿರಿ, ವೇಳೆಗೆ ಬನ್ನಿರಿ. ಜ್ವರ ಬಂದರೆ ಮನೆಯಲ್ಲಿಯೇ ಇರಿ, ಆದರೆ ಪಾಲಕರಿಂದ ಒಂದು ಚೀಟಿ ಬರೆಯಿಸಿ ಕಳಿಸಿರಿ. ತಪ್ಪಿದ ಪಾಠವನ್ನು ಗೆಳೆಯರಿಂದ ಕೇಳಿ ಬರೆದುಕೊಳ್ಳಿರಿ. ಪಕ್ಕದ ಬಾಕಿನ ಹುಡುಗನು ಎರಡು ದಿನ ಕಾಣದಿದ್ದರೆ ಅವನ ಮನೆಗೆ ಹೋಗಿ ವಿಚಾರಿಸಿ ನಮಗೆ ತಿಳಿಸಿರಿ. ಪಾಲಕ ಬಂಧುಗಳಲ್ಲಿಯೂ ಒಂದು ಬಿನ್ನಹ. ಊರಿಗೆ ಹೋಗುವುದಾದರೆ ಶಾಲೆಯ ರಜೆಯಲ್ಲಿ ಹೋಗಿಬನ್ನಿರಿ. ಮನೆ ಬದಲಿಸುವುದಾದರೆ ಮೊದಲು ಶಾಲೆಗೆ ಬಂದು ಹೇಳಿರಿ. ಕಷ್ಟವೇನಾದರೂ ಇದ್ದರೆ ಮುಚ್ಚಿಡಬೇಡಿರಿ. ಹೊಸ್ತಿಲಿಗೆ ಬಂದು ನಿಲ್ಲುವ ಹೊಣೆ ನಮ್ಮದು; ಅದನ್ನು ನಾವು ಇನ್ನು ಮರೆಯೆವು.

ಕೊಲ್ಲಾಪುರದ ಅರಸರು ತಮ್ಮ ಪ್ರಜೆಗಳ ಮಕ್ಕಳೆಲ್ಲರನ್ನೂ ಹೆಸರು ಹಿಡಿದು ಶಾಲೆಗೆ ಕರೆಯಿಸಿದರು. ನಾಳೆ ಬೆಳಿಗ್ಗೆ ನಿಮ್ಮ ಹೆಸರನ್ನು ಕರೆದಾಗ ಎದ್ದು ನಿಂತು ಗಟ್ಟಿಯಾಗಿ ಉತ್ತರ ಕೊಡಿರಿ. ನಿಮಗೆಲ್ಲ ಶುಭವಾಗಲಿ.